ಅಕ್ಷರವಿಲ್ಲದ ಸಮಾಧಿಗಳು: ಬ್ರಹ್ಮಗಿರಿ, ಚಂದ್ರವಳ್ಳಿ ಮತ್ತು ಶಾಸನದ ಪಕ್ಕದ ಕಲ್ಲುಗಳು

ಚಿತ್ರದುರ್ಗ ಜಿಲ್ಲೆಗೆ ಶಾಸನ ನೋಡೋಕೆ ಬರುವವರ ಪಟ್ಟಿ ಸಾಮಾನ್ಯವಾಗಿ ಒಂದೇ ಥರ ಇರುತ್ತೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು. ಚಂದ್ರವಳ್ಳಿಯ ಮಯೂರಶರ್ಮನ ಶಾಸನ. ಊರಿಗೆ ಹತ್ತಿರದ ತಮಟಕಲ್ಲು. ಬಂಡೆ ನೋಡಿ, ಫೋಟೋ ತೆಗೆದು, ಅಕ್ಷರ ಎಷ್ಟು ಸವೆದಿದೆ ಅಂತ ಚರ್ಚೆ ಮಾಡಿ ವಾಪಸ್ ಹೊರಡುತ್ತೇವೆ. ಬ್ರಹ್ಮಗಿರಿಯಲ್ಲಿ ಆ ಬಂಡೆಯ ಆಸುಪಾಸಿನಲ್ಲೇ ಗುಡ್ಡದ ಬುಡದುದ್ದಕ್ಕೂ ನೂರಾರು ಕಲ್ಲಿನ ಸಮಾಧಿಗಳಿವೆ. ನೆಲದಿಂದ ಸ್ವಲ್ಪವೇ ತಲೆ ಎತ್ತಿರುವ ಗುಂಡುಕಲ್ಲುಗಳ ವೃತ್ತಗಳು, ಒಳಗೆ ಅರ್ಧ ಹೂತಿರುವ ಚಪ್ಪಡಿಗಳು. ಇವುಗಳ ಮೇಲೆ ಒಂದು ಅಕ್ಷರವೂ ಇಲ್ಲ, ಹಾಗಾಗಿ ನಮ್ಮ ಪಟ್ಟಿಯಲ್ಲೂ ಇಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ: ಈ ಸಮಾಧಿಗಳನ್ನು ಬಿಟ್ಟು ಬ್ರಹ್ಮಗಿರಿಯ ಶಾಸನವನ್ನು ಪೂರ್ತಿಯಾಗಿ ಓದೋಕೆ ಆಗಲ್ಲ. ಲಿಪಿ ಓದಬಹುದು, ಅರ್ಥ ಹೇಳಬಹುದು. ಆದರೆ ಆ ಶಾಸನ ಆ ಜಾಗಕ್ಕೇ ಯಾಕೆ ಬಂತು, ಅದನ್ನು ಕೇಳಿಸಿಕೊಂಡ ಜನ ಯಾರು ಅನ್ನೋ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಈ ಅಕ್ಷರವಿಲ್ಲದ ಕಲ್ಲುಗಳಲ್ಲಿದೆ. ಶಾಸನಕ್ಕೆ ಸಿಗುವ ಕಾಳಜಿಯಲ್ಲಿ ಸ್ವಲ್ಪವಾದರೂ ಇವಕ್ಕೆ ಸಿಗದಿದ್ದರೆ ಆ ಅರ್ಧ ಭಾಗ ನಮ್ಮ ಕಣ್ಣೆದುರೇ ಹೋಗುತ್ತೆ.

ಜಾಗದ ಪರಿಚಯ

ಹಿರಿಯೂರಿನಿಂದ ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೋಗುವ ರಸ್ತೆಯಲ್ಲಿ ನೆಲ ಒಣಗುತ್ತಾ ಹೋಗುತ್ತೆ. ಕಪ್ಪು ಹೊಲಗಳ ನಡುವೆ ಗುಂಡುಕಲ್ಲಿನ ಗುಡ್ಡಗಳು ಅಲ್ಲೊಂದು ಇಲ್ಲೊಂದು ಏಳುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ, ಚಿನ್ನ ಹಗರಿ ಅಥವಾ ಜನಗಿಹಳ್ಳ ಅಂತ ಕರೆಯುವ ಹೊಳೆಯ ಆಸುಪಾಸಿನಲ್ಲಿ ಬ್ರಹ್ಮಗಿರಿ ಇದೆ. ಬಿ.ಎಲ್. ರೈಸ್ 1892ರಲ್ಲಿ ಇಲ್ಲಿಯ ಮೂರೂ ಅಶೋಕ ಶಾಸನಗಳನ್ನು ಬೆಳಕಿಗೆ ತಂದರು. ಊರಿನವರು ಬ್ರಹ್ಮಗಿರಿಯ ಬಂಡೆಯನ್ನು ಮೊದಲಿನಿಂದಲೂ 'ಅಕ್ಷರಗುಂಡು' ಅಂತಲೇ ಕರೀತಿದ್ದರು. ಓದೋಕೆ ಬರದಿದ್ದರೂ ಅದರ ಮೇಲಿರೋದು ಬರಹ ಅನ್ನೋದು ಗೊತ್ತಿತ್ತು ಅಂತಾಯ್ತು.

ಸಮಾಧಿಗಳಿಗೂ ಜನರ ಬಾಯಲ್ಲಿ ಹೆಸರುಗಳಿವೆ. ನಮ್ಮ ಕಡೆ ಇಂಥವನ್ನು 'ಪಾಂಡವರ ಗುಡಿ', 'ಪಾಂಡವರ ಮನೆ', 'ಮೋರಿಯರ ಮನೆ' ಅಂತೆಲ್ಲ ಕರೆಯುತ್ತಾರೆ. ಮೋರಿಯರು ಅಂದರೆ ಕುಳ್ಳರು, ಬಹಳ ಹಿಂದೆ ಇದ್ದರು, ಕಲ್ಲಿನ ಪುಟ್ಟ ಮನೆ ಕಟ್ಟಿಕೊಂಡು ಬದುಕಿದರು, ಆಮೇಲೆ ಬೆಂಕಿಮಳೆ ಸುರಿದು ಸತ್ತರು ಎನ್ನುವ ಕಥೆ ಉತ್ತರ ಕರ್ನಾಟಕದಲ್ಲೂ ಸಿಗುತ್ತೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಇಡೀ ಗುಡ್ಡಕ್ಕೇ 'ಮೋರೇರ ಗುಡ್ಡ' ಅಂತ ಹೆಸರು. ಸಣ್ಣ ಕಿಂಡಿ ಇರುವ ಕಲ್ಲಿನ ಕೋಣೆ ನೋಡಿದರೆ, ಇದರಲ್ಲಿ ವಾಸ ಮಾಡಬೇಕಾದರೆ ಕುಳ್ಳರೇ ಆಗಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಜನಪದ ತರ್ಕ ಅಲ್ಲಿಗೆ ಸರಿಯಾಗೇ ಇದೆ. ಅದು ಮನೆ ಅಲ್ಲ, ಗೋರಿ ಅನ್ನೋ ಒಂದು ಸಂಗತಿ ಮಾತ್ರ ಸೇರಿಸಬೇಕು.

1947ರ ಅಗೆತ

ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಮೊದಲು ಕೈ ಹಾಕಿದವರಲ್ಲಿ ಒಬ್ಬರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ. ಚಂದ್ರವಳ್ಳಿಯ ಉತ್ಖನನದ ವರದಿ 1929ರ ಕಾಲದ್ದು. ಮಯೂರಶರ್ಮನ ಶಾಸನವನ್ನು ಓದಿ ಪ್ರಕಟಿಸಿದ್ದೂ ಅವರೇ. ಆಮೇಲೆ 1947ರಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಎರಡೂ ಕಡೆ ಅಗೆದರು.

ವೀಲರ್ ಇಲ್ಲಿಗೆ ಬಂದಿದ್ದಕ್ಕೆ ಒಂದು ಸ್ಪಷ್ಟ ಕಾರಣವಿತ್ತು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಅವರಿಗೆ ಒಂದು ಬೆಂಚ್‌ಮಾರ್ಕ್ ಬೇಕಿತ್ತು. ಸರ್ವೆ ಮಾಡುವಾಗ ಎತ್ತರ ಗೊತ್ತಿರುವ ಒಂದು ಬಿಂದುವಿನಿಂದ ಶುರು ಮಾಡಿ, ಲೆವೆಲ್ ಹಿಡಿದು ಗೊತ್ತಿಲ್ಲದ ಬಿಂದುವಿಗೆ ಹೋಗ್ತೀವಲ್ಲ, ಹಾಗೆ. ದಕ್ಷಿಣ ಭಾರತದ ಸಮಾಧಿಗಳ ಕಾಲ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ವೀಲರ್ ರೋಮನ್ ವ್ಯಾಪಾರದ ಸರಕಿನ ಜೊತೆ ಒಂದು ಬಗೆಯ ಮಡಕೆಯನ್ನು ಕಂಡಿದ್ದರು. ತಟ್ಟೆಯ ಒಳತಳದಲ್ಲಿ ಚಕ್ರದಿಂದ ಒತ್ತಿದ ಚುಕ್ಕೆಗಳ ಸಾಲು ಇರುವ ಮಡಕೆ ಅದು. ಅದರ ಕಾಲ ಸುಮಾರು ಕ್ರಿ.ಶ. 1ನೇ ಶತಮಾನ ಅಂತ ಅವರು ಗುರುತಿಸಿದ್ದರು. ಅದೇ ಮಡಕೆ ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಸಿಕ್ಕಿತು. ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮ್‌ನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅಲ್ಲಿಗೆ ಬೆಂಚ್‌ಮಾರ್ಕ್ ಸಿಕ್ಕಂತಾಯ್ತು. ಆ ಪದರದ ಕೆಳಗೆ ಏನಿದೆಯೋ ಅದು ಅದಕ್ಕಿಂತ ಹಳೆಯದು.

ಬ್ರಹ್ಮಗಿರಿಯಲ್ಲಿ ಮೂರು ಹಂತಗಳು ಒಂದರ ಕೆಳಗೊಂದು ಬಂದವು. ಮೇಲೆ ಶಾತವಾಹನ ಕಾಲದ ಪದರ, ನಡುವೆ ಬೃಹತ್ ಶಿಲಾ ಸಂಸ್ಕೃತಿಯವರ ಪದರ, ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ನವಶಿಲಾಯುಗದವರ ಪದರ. ವೀಲರ್ ಲೆಕ್ಕದಲ್ಲಿ ಬೃಹತ್ ಶಿಲಾ ಹಂತ ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. 1ನೇ ಶತಮಾನದ ಮಧ್ಯದವರೆಗೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಬಗ್ಗೆ ಮಾತಾಡೋದಿದೆ.

ಸಮಾಧಿ ಹೇಗೆ ಕಟ್ಟಿದ್ದಾರೆ?

ಬ್ರಹ್ಮಗಿರಿಯ ಸಮಾಧಿಗಳಲ್ಲಿ ಎರಡು ಮುಖ್ಯ ಬಗೆ. ಒಂದು, ವೃತ್ತದ ಒಳಗೆ ಚಪ್ಪಡಿಗಳ ಕೋಣೆ. ಇನ್ನೊಂದು, ವೃತ್ತದ ಒಳಗೆ ಬರೀ ಗುಂಡಿ.

ಕೋಣೆಯ ಬಗೆಯನ್ನು ನೋಡಿ. ನೆಲ ಅಗೆದು, ತಳಕ್ಕೆ ಒಂದು ಚಪ್ಪಡಿ ಹಾಸಿ, ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿದ್ದಾರೆ. ಆದರೆ ಪೆಟ್ಟಿಗೆಯ ಮೂಲೆಗಳ ಥರ ಅಂಚಿಗೆ ಅಂಚು ಸೇರಿಸಿಲ್ಲ. ಪ್ರತಿಯೊಂದು ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಗೆ ಚಾಚುತ್ತೆ, ಇನ್ನೊಂದು ತುದಿ ಆ ಕಡೆಯ ಚಪ್ಪಡಿಯ ಒಳಮುಖಕ್ಕೆ ತಾಗಿ ನಿಲ್ಲುತ್ತೆ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಪುಸ್ತಕಗಳಲ್ಲಿ ಇದನ್ನು ಸಾಮಾನ್ಯವಾಗಿ ಒಂದು ಆಕಾರವಾಗಿ ವಿವರಿಸಿ ಬಿಡುತ್ತಾರೆ. ನನಗೆ ಇದು ಮೊದಲು ಕಂಡದ್ದು ಸ್ಟ್ರಕ್ಚರ್ ಆಗಿ.

ಕೋಣೆಯ ಸುತ್ತ ಕಲ್ಲು ಮಣ್ಣು ತುಂಬಿದಾಗ ಅದು ಪ್ರತಿ ಚಪ್ಪಡಿಯನ್ನೂ ಒಳಕ್ಕೆ ತಳ್ಳುತ್ತೆ. ರಿಟೇನಿಂಗ್ ವಾಲ್ ಕಟ್ಟಿದವರಿಗೆಲ್ಲ ಈ ಒತ್ತಡ ಗೊತ್ತು. ಗಾರೆ ಇಲ್ಲ, ಮೊಳೆ ಇಲ್ಲ; ಚಪ್ಪಡಿ ಒಳಕ್ಕೆ ಮಗುಚದೇ ಇರೋಕೆ ಏನಾದರೂ ತಡೆ ಬೇಕು. ಸ್ವಸ್ತಿಕದ ಜೋಡಣೆಯಲ್ಲಿ ಪ್ರತಿ ಚಪ್ಪಡಿಗೂ ಪಕ್ಕದ ಚಪ್ಪಡಿಯ ಅಂಚೇ ಆ ತಡೆ. ಒಂದನ್ನು ಇನ್ನೊಂದು, ಅದನ್ನು ಮತ್ತೊಂದು ಹಿಡಿದುಕೊಂಡು ನಾಲ್ಕೂ ಬಿಗಿಯಾಗುತ್ತವೆ. ಹೊರಗಿನ ಒತ್ತಡ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ಅದರ ಮೇಲೆ ಮುಚ್ಚುಗಲ್ಲಿನ ಭಾರ ಬೇರೆ.

ಭಾರದ ಒಂದು ಅಂದಾಜು ಹೇಳ್ತೀನಿ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, 15 ಸೆಂಟಿಮೀಟರ್ ದಪ್ಪದ ಚಪ್ಪಡಿ ಅಂತ ಇಟ್ಟುಕೊಳ್ಳಿ. ಕಣಶಿಲೆಯ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಹಾಗಾದರೆ ಒಂದು ಚಪ್ಪಡಿಗೆ ಸುಮಾರು 1.2 ಟನ್. ಮುಚ್ಚುಗಲ್ಲು ಎರಡೂವರೆ ಮೀಟರ್ ಚೌಕ, 20 ಸೆಂಟಿಮೀಟರ್ ದಪ್ಪ ಇದ್ದರೆ ಹತ್ತಿರ ಹತ್ತಿರ 3.4 ಟನ್. ಒಬ್ಬ ಸತ್ತವನಿಗಾಗಿ ಒಂದು ಮನೆಯವರಷ್ಟೇ ಸೇರಿ ಮಾಡುವ ಕೆಲಸ ಇದಲ್ಲ. ಬಂಡೆಯಿಂದ ಪದರ ಎಬ್ಬಿಸುವವರು, ಸಾಗಿಸುವವರು, ನಿಲ್ಲಿಸುವವರು, ಅಷ್ಟು ದಿನ ಅವರಿಗೆ ಊಟ ಹಾಕುವವರು, ಎಲ್ಲರೂ ಬೇಕು. ಸಮಾಧಿ ಅಂದರೆ ಒಂದು ಸಮುದಾಯದ ದುಡಿಮೆಯ ಲೆಕ್ಕಪತ್ರ.

ಪೂರ್ವದ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಮನುಷ್ಯ ಮೈ ಮುದುಡಿಕೊಂಡು ನುಸುಳಬಹುದಾದಷ್ಟು ದೊಡ್ಡದು. ಇದು ಯಾಕೆ? ಕೋಣೆಯೊಳಗೆ ಸಿಕ್ಕಿದ್ದು ಪೂರ್ತಿ ಮಲಗಿಸಿದ ದೇಹಗಳಲ್ಲ. ಬಿಡಿ ಬಿಡಿ ಮೂಳೆಗಳು, ಹಲವು ಸಲ ಒಬ್ಬರಿಗಿಂತ ಹೆಚ್ಚು ಜನರವು. ದೇಹವನ್ನು ಮೊದಲು ಬೇರೆಲ್ಲೋ ಇಟ್ಟು, ಮಾಂಸ ಕರಗಿದ ಮೇಲೆ ಆಯ್ದ ಮೂಳೆಗಳನ್ನು ತಂದು ಇಲ್ಲಿಟ್ಟಿದ್ದಾರೆ. ಗುಂಡಿಯ ವೃತ್ತಗಳೇ ಆ 'ಬೇರೆಲ್ಲೋ' ಇರಬಹುದು ಅಂತ ವೀಲರ್ ಊಹಿಸಿದರು. ಅಂದರೆ ಮುಚ್ಚುಗಲ್ಲು ಒಂದು ಸಲ ಹಾಕಿದರೆ ಮುಗೀತು, ಅದನ್ನು ಮತ್ತೆ ಎತ್ತೋದಿಲ್ಲ. ಆದರೆ ಕಿಂಡಿಯ ಮೂಲಕ ಮತ್ತೆ ಮತ್ತೆ ಒಳಗೆ ಹೋಗಬಹುದು. ಇದು ಒಂದು ಮನೆತನದ ಸಮಾಧಿ. ಸಾವು ಬಂದಾಗಲೆಲ್ಲ ಬಾಗಿಲು ತೆರೆಯುವ ಸಮಾಧಿ.

ಜೊತೆಗೆ ಇಟ್ಟ ವಸ್ತುಗಳಲ್ಲೂ ಎಲ್ಲರೂ ಸಮ ಇರಲಿಲ್ಲ. ಬ್ರಹ್ಮಗಿರಿಯ ಒಂದು ಸಮಾಧಿಯಲ್ಲಿ 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ, ಒಂದು ಶಂಖ ಸಿಕ್ಕಿವೆ. ಶಾಲೆಯ ಪಠ್ಯಪುಸ್ತಕದಲ್ಲೂ ಈ ವಿವರ ಬಂದಿರೋದರಿಂದ ಮಕ್ಕಳಿಗೂ ಗೊತ್ತು. ಇನ್ನು ಕೆಲವರ ಪಾಲಿಗೆ ಬರೀ ಒಂದೆರಡು ಮಡಕೆ. ಸಮುದ್ರ ನೂರಾರು ಕಿಲೋಮೀಟರ್ ದೂರ ಇರುವ ಈ ಒಣ ಸೀಮೆಗೆ ಶಂಖ ಬಂದಿದೆ ಅಂದರೆ, ಅಶೋಕನ ದೂತರು ಬರುವುದಕ್ಕೆ ಮೊದಲೇ ದಾರಿಗಳು ಇದ್ದವು ಅಂತ ಅರ್ಥ.

ಮಡಕೆಯ ಮೇಲಿನ ಗೀಚು

'ಒಂದು ಅಕ್ಷರವೂ ಇಲ್ಲ' ಅಂದೆ. ಅಕ್ಷರ ಇಲ್ಲ, ಗುರುತು ಇವೆ. ಒಳಗೆ ಕಪ್ಪು, ಹೊರಗೆ ಕೆಳಭಾಗ ಕೆಂಪು ಇರುವ ಈ ಕಾಲದ ಮಡಕೆಗಳ ಮೇಲೆ ಸುಟ್ಟ ನಂತರ ಚೂಪಾದ ವಸ್ತುವಿನಿಂದ ಗೀಚಿದ ಚಿಹ್ನೆಗಳಿವೆ: ಏಣಿ, ಬಾಣ, ಅಡ್ಡಗೆರೆ, ನಕ್ಷತ್ರದಂಥವು. 1960ರಲ್ಲಿ ಬಿ.ಬಿ. ಲಾಲ್ ಇಂಥ ಗೀಚುಗಳನ್ನು ಸಿಂಧೂ ಮುದ್ರೆಗಳ ಚಿಹ್ನೆಗಳ ಜೊತೆ ಹೋಲಿಸಿ ಹಲವು ಸಾಮ್ಯಗಳನ್ನು ತೋರಿಸಿದರು. ಆ ಹೋಲಿಕೆಯ ಮೇಲೆ ಇವತ್ತು ಬಹಳ ದೊಡ್ಡ ದೊಡ್ಡ ಮನೆಗಳನ್ನು ಕಟ್ಟುತ್ತಿದ್ದಾರೆ. ಏಣಿಯ ಗುರುತನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಗೀಚಬಹುದು. ಒಂದೇ ಕ್ರಮದಲ್ಲಿ ಹಲವು ಚಿಹ್ನೆ ಮತ್ತೆ ಮತ್ತೆ ಬಂದರೆ ಮಾತ್ರ ಲಿಪಿಯ ಮಾತು ಎತ್ತಬಹುದು. ಇವು ಮಡಕೆ ಯಾರದ್ದು, ಯಾವ ಕುಲದ್ದು ಅಂತ ಹೇಳುವ ಗುರುತಿರಬಹುದು. ದನಕ್ಕೆ ಬರೆ ಹಾಕಿ ಗುರುತು ಮಾಡ್ತಿದ್ದರಲ್ಲ, ಆ ಥರ.

ತಮಿಳುನಾಡಿನ ಕೊಡುಮಣಲ್‌ನಲ್ಲಿ ಇದೇ ಬಗೆಯ ಸಮಾಧಿಗಳಿರುವ ಊರಿನಲ್ಲಿ ಗೀಚುಗಳ ಜೊತೆಗೆ ಬ್ರಾಹ್ಮಿಯಲ್ಲಿ ಬರೆದ ವ್ಯಕ್ತಿಗಳ ಹೆಸರೂ ಮಡಕೆ ಚೂರುಗಳ ಮೇಲೆ ಸಿಕ್ಕಿವೆ. ಅಂದರೆ ಗುರುತಿನಿಂದ ಹೆಸರಿಗೆ ದಾಟುವ ಹೆಜ್ಜೆ ಅಲ್ಲಿ ಕಣ್ಣಿಗೆ ಕಾಣುತ್ತೆ. ಬ್ರಹ್ಮಗಿರಿಯ ಸಮಾಧಿಗಳಲ್ಲಿ ಆ ಹೆಜ್ಜೆ ಕಾಣೋದಿಲ್ಲ. ಅಕ್ಷರ ಬಂಡೆಯ ಮೇಲೆ ಬಂತು, ಗೋರಿಯೊಳಗೆ ಹೋಗಲಿಲ್ಲ.

ಇಸಿಲದ ಜನಕ್ಕೆ ಬಂದ ಪತ್ರ

ಈಗ ಶಾಸನಕ್ಕೆ ಬರೋಣ. ಬ್ರಹ್ಮಗಿರಿಯ ಶಾಸನ ಒಂದು ಆಡಳಿತದ ಪತ್ರದ ಥರ ಶುರುವಾಗುತ್ತೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ಕಳಿಸಿದ್ದು. ಕೊನೆಯಲ್ಲಿ ಬರೆದವನ ಹೆಸರು ಚಪಡ. ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಲಿಪಿ ಕಲಿತ ಒಬ್ಬ ಲಿಪಿಕಾರ ಮೊಳಕಾಲ್ಮೂರಿನ ಬಂಡೆಯ ಮೇಲೆ ತನ್ನ ಸಹಿ ಬಿಟ್ಟು ಹೋಗಿದ್ದಾನೆ. ಹೆಸರು ಬರೆಯುವುದು ಅವನಿಗೆ ಸಹಜ. ಆ ಬಂಡೆಯ ಸುತ್ತ ಹೂತಿರುವ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ.

ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಭಾರತದ ಬೇರೆ ಬೇರೆ ಕಡೆ ಸಿಗುವ ಕಿರು ಶಾಸನದ ಪಾಠ. ಎರಡನೆಯದು ಕರ್ನಾಟಕ ಮತ್ತು ಆಂಧ್ರದ ಜಾಗಗಳಲ್ಲಿ ಮಾತ್ರ ಸಿಗುವ ಸೇರ್ಪಡೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳ ಜೊತೆ ತಕ್ಕ ಹಾಗೆ ನಡೆದುಕೊಳ್ಳಬೇಕು ಎನ್ನುವ ಮಾತುಗಳು ಅಲ್ಲಿವೆ. ಆಮೇಲೆ ಇದು 'ಪೋರಾಣಾ ಪಕಿತಿ', ಅಂದರೆ ಹಳೆಯ ಕಾಲದಿಂದ ಬಂದ ನಡೆ, ಅಂತ ಒಂದು ಮಾತು.

ವೀಲರ್ ಕಾಲನಿರ್ಣಯ ಮುಖ್ಯ ಆಗೋದು ಇಲ್ಲೇ. ಅವರ ಪ್ರಕಾರ ಕಲ್ಲಿನ ಸಮಾಧಿ ಕಟ್ಟುವವರು ಇಲ್ಲಿಗೆ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ, ಅಶೋಕನ ನಂತರ. ಆ ಲೆಕ್ಕದಲ್ಲಿ ಶಾಸನ ಕೇಳಿಸಿಕೊಂಡವರು ಕಲ್ಲಿನ ಕೊಡಲಿಯ ಜನ. ಸಮಾಧಿಗಳು ಆಮೇಲೆ, ಓದಲಾಗದ ಅಕ್ಷರಗುಂಡಿನ ಸುತ್ತ ಎದ್ದವು. ಆದರೆ 1950ರ ದಶಕದ ನಂತರ ಇಂಗಾಲದ ಕಾಲನಿರ್ಣಯ ಬಂತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದ ತುಂಗಭದ್ರಾ ದಡದ ಹಳ್ಳೂರಿನಲ್ಲಿ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ನವಶಿಲಾಯುಗದ ಜಾಗಗಳು ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹಿಂದೆ ಸರಿದವು. ಇವತ್ತು ಯಾರೂ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಅಶೋಕನ ಈಚೆಗೆ ಇಡೋದಿಲ್ಲ. ವೀಲರ್ ಪದರಗಳ ಕ್ರಮ ಸರಿಯಾಗೇ ಇತ್ತು. ಬೆಂಚ್‌ಮಾರ್ಕ್ ಕೂಡ ಸರಿಯಿತ್ತು. ಆದರೆ ಒಂದೊಂದು ಪದರ ಎಷ್ಟು ವರ್ಷ ತಗೊಂಡಿತು ಅನ್ನೋ ಅಂದಾಜನ್ನು ಬಹಳ ಚಿಕ್ಕದು ಮಾಡಿದ್ದರು.

ಈ ಬದಲಾವಣೆಯಿಂದ ಶಾಸನದ ಚಿತ್ರವೇ ಬದಲಾಗುತ್ತೆ. ಚಪಡ ಉಳಿ ಹಿಡಿದು ಬಂದಾಗ ಈ ಗುಡ್ಡದ ಬುಡದಲ್ಲಿ ಸಮಾಧಿಗಳು ಆಗಲೇ ಇದ್ದವು, ಕೆಲವು ನೂರಾರು ವರ್ಷ ಹಳೆಯವು. ಕಟ್ಟುವ ಪದ್ಧತಿ ಇನ್ನೂ ನಡೀತಿತ್ತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಹೀಗೇ. 1915ರಲ್ಲಿ ಬೀಡನ್ ಎನ್ನುವ ಚಿನ್ನದ ಗಣಿಯ ಎಂಜಿನಿಯರ್ ಕಂಡ ಅಶೋಕನ ಶಾಸನದ ಊರಿನಲ್ಲಿ 1954ರ ಉತ್ಖನನದಲ್ಲಿ ಬಿ.ಕೆ. ಥಾಪರ್ ಈ ಸಂಸ್ಕೃತಿಯ ಸಮಾಧಿಗಳನ್ನು ಕಂಡರು. ಅಕ್ಷರ ಖಾಲಿ ಜಾಗಕ್ಕೆ ಬರಲಿಲ್ಲ. ಜನ ಸೇರುವ ಜಾಗಕ್ಕೆ ಬಂತು. ಹಿರಿಯರ ಮೂಳೆಗಳನ್ನು ತಂದಿಡೋಕೆ ತಲೆಮಾರುಗಟ್ಟಲೆ ಜನ ಸೇರುತ್ತಿದ್ದ ಜಾಗ ಅದು.

ಹಾಗಂತ ಅಶೋಕ ಸಮಾಧಿಗಳನ್ನು ನೋಡಿ ಈ ಮಾತು ಬರೆಸಿದ ಅಂತ ಹೇಳೋಕೆ ಆಗಲ್ಲ. ಅದೇ ಪಾಠ ಹಲವು ಕಡೆಗೆ ಹೋಗಿದೆ. ಆದರೆ ಕೇಳಿದವರ ಕಡೆಯಿಂದ ಯೋಚಿಸಿ. ತಂದೆತಾಯಿಗೆ, ಹಿರಿಯರಿಗೆ ಗೌರವ ಕೊಡಿ, ಇದು ಹಳೆಯ ನಡೆ ಅಂತ ಸುವರ್ಣಗಿರಿಯಿಂದ ಬಂದ ಅಧಿಕಾರಿ ಓದಿ ಹೇಳಿದಾಗ, ಕೇಳುತ್ತಿದ್ದವರಲ್ಲಿ ಕೆಲವರಾದರೂ ಟನ್‌ಗಟ್ಟಲೆ ಕಲ್ಲು ಹೊತ್ತು ತಮ್ಮ ಹಿರಿಯರಿಗೆ ಮನೆ ಕಟ್ಟಿದವರು. ಹಳೆಯ ನಡೆ ಅನ್ನೋದಕ್ಕೆ ಅವರ ಬೆನ್ನ ಹಿಂದೆಯೇ ಸಾಕ್ಷಿ ಇತ್ತು. ಶಾಸನದ ಪಾಠವನ್ನು ಮಾತ್ರ ಓದುವವರಿಗೆ ಈ ಸಂದರ್ಭ ಸಿಗೋದಿಲ್ಲ.

ಬಣ್ಣದ ಗೋರಿ, ಗ್ರೀಕ್ ಹೆಸರು

ಹೋಲಿಕೆಗೆ ಅದೇ ಕಾಲದ, ದೂರದ ಒಂದು ಉದಾಹರಣೆ ತಗೊಳ್ಳೋಣ. ಬಲ್ಗೇರಿಯಾದ ಕಜಾನ್‌ಲಾಕ್‌ನಲ್ಲಿ 1944ರಲ್ಲಿ ಸೈನಿಕರು ಗುಡ್ಡ ಅಗೆಯುವಾಗ ಥ್ರೇಸಿಯನ್ನರ ಸಮಾಧಿಯೊಂದು ಸಿಕ್ಕಿತು. ಇಟ್ಟಿಗೆಯ ಜೇನುಗೂಡಿನಂಥ ಗುಮ್ಮಟ, ಅದರೊಳಗೆ ಬಣ್ಣದ ಚಿತ್ರಗಳು. ಗಂಡ ಹೆಂಡತಿ ಕೈ ಹಿಡಿದು ಕೂತ ಸಾವಿನ ಔತಣ, ಸೇವಕರು, ಕುದುರೆಗಳು, ಮೇಲೆ ಓಡುವ ರಥಗಳು. ಕಾಲ ಕ್ರಿ.ಪೂ. 4ನೇ ಶತಮಾನದ ಕೊನೆಯ ಹೊತ್ತು. ಅಶೋಕನ 13ನೇ ಬಂಡೆ ಶಾಸನದಲ್ಲಿ ಹೆಸರಿರುವ ಅಂತೆಕಿನ, ಅಂದರೆ ಮ್ಯಾಸಿಡೋನಿಯಾದ ಆಂಟಿಗೋನಸ್, ಆಳಿದ್ದು ಈ ಥ್ರೇಸ್‌ನ ಪಕ್ಕದ ಸೀಮೆಯನ್ನೇ.

ಥ್ರೇಸಿಯನ್ನರೂ ಹೆಚ್ಚಾಗಿ ಬರೆಯದ ಜನ. ಅಕ್ಷರ ಬೇಕಾದಾಗ ಗ್ರೀಕರಿಂದ ತಗೊಂಡರು. 2004ರಲ್ಲಿ ಅದೇ ಕಣಿವೆಯಲ್ಲಿ ಸಿಕ್ಕ ಇನ್ನೊಂದು ಸಮಾಧಿಯ ಶಿರಸ್ತ್ರಾಣ ಮತ್ತು ಬೆಳ್ಳಿ ಪಾತ್ರೆಗಳ ಮೇಲೆ ರಾಜ ಸ್ಯೂಥೆಸ್‌ನ ಹೆಸರು ಗ್ರೀಕ್ ಅಕ್ಷರದಲ್ಲಿದೆ. ಅಲೆಕ್ಸಾಂದ್ರೊವೊದ ಚಿತ್ರಸಮಾಧಿಯ ಗೋಡೆಯಲ್ಲೂ ಒಂದು ಹೆಸರು ಗೀಚಿದೆ. ಎರಡು ಸಮಾಜಗಳೂ ನೆರೆಯವರ ಅಕ್ಷರವನ್ನು ಕಂಡವು. ಅಲ್ಲಿ ಅರಸನ ಮನೆತನ ಆ ಅಕ್ಷರವನ್ನು ಗೋರಿಯೊಳಗೆ ಒಯ್ದಿತು. ಇಲ್ಲಿ ಕೋಣೆಯೊಳಗೆ ಹಲವರ ಮೂಳೆ ಒಟ್ಟಿಗೆ ಬೆರೆತಿತ್ತು. ಒಬ್ಬರ ಹೆಸರು ಬರೆಯುವ ಅಗತ್ಯವೇ ಇರಲಿಲ್ಲವೇನೋ ಅಂತ ನನಗೆ ಅನ್ನಿಸುತ್ತೆ. ಗೋರಿ ಯಾವ ಮನೆತನದ್ದು ಅನ್ನೋದು ಊರಿಗೆ ಗೊತ್ತಿತ್ತು.

ಇನ್ನೊಂದು ವ್ಯತ್ಯಾಸವೂ ಇದೆ. ಕಜಾನ್‌ಲಾಕ್ ಸಮಾಧಿ 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜನರ ಉಸಿರಿನ ತೇವದಿಂದ ಚಿತ್ರ ಕೆಡುತ್ತೆ ಅಂತ ಮೂಲವನ್ನು ಮುಚ್ಚಿ, ಪಕ್ಕದಲ್ಲೇ ಅದರ ನಕಲು ಕಟ್ಟಿ ಅದನ್ನು ತೋರಿಸುತ್ತಾರೆ. ನಮ್ಮ ಸಮಾಧಿಗಳಲ್ಲಿ ಬಣ್ಣವಿಲ್ಲ. ಹಿರೇಬೆಣಕಲ್ಲಿನಂಥ ಕಡೆ ಸಮಾಧಿಗಳಿರುವ ಗುಡ್ಡದಲ್ಲೇ ಕೆಂಪು ಬಣ್ಣದ ಬಂಡೆಚಿತ್ರಗಳಿವೆ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಬ್ರಹ್ಮಗಿರಿಯ ಬರಿ ಕಲ್ಲಿನ ಕೋಣೆಗಳಿಗೆ ಕಣ್ಣು ಸೆಳೆಯುವ ಗುಣ ಕಡಿಮೆ, ಹಾಗಾಗಿ ಕಾಯುವವರೂ ಕಡಿಮೆ.

ಹೆಸರು ಕಲ್ಲಿಗೆ ಬಂದ ಮೇಲೆ

ನಮ್ಮ ನಾಡಿನಲ್ಲಿ ಸತ್ತವರ ಹೆಸರು ಕಲ್ಲಿನ ಮೇಲೆ ಬರೋದು ಆಮೇಲೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಶಾತವಾಹನ ಕಾಲದ ನೆನಪಿನ ಕಲ್ಲುಗಳ ಮೇಲೆ ಸತ್ತವರ ಚಿತ್ರದ ಜೊತೆ ಪ್ರಾಕೃತದಲ್ಲಿ ಹೆಸರಿದೆ. ನಮ್ಮ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ, 4ನೇ ಶತಮಾನದ ಮಯೂರಶರ್ಮ ತಾನು ಕಟ್ಟಿಸಿದ ಕೆರೆಯ ಬಗ್ಗೆ ಪ್ರಾಕೃತದಲ್ಲಿ ಬರೆಸಿದ್ದಾನೆ. ಆ ಶಾಸನದ ಕೆಲವು ಪದಗಳ ಓದು ಇನ್ನೂ ಚರ್ಚೆಯಲ್ಲಿದೆ. 'ತಟಾಕ' ಮತ್ತು ಕದಂಬ ಮಯೂರಶರ್ಮನ ಹೆಸರು ಮುಖ್ಯ. ಅದೇ ಕಣಿವೆಯ ಮಣ್ಣಿನಲ್ಲಿ ಶಾತವಾಹನ ಪದರದ ಕೆಳಗೆ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು–ಕೆಂಪು ಮಡಕೆಗಳಿವೆ. ಚಂದ್ರವಳ್ಳಿಗೆ ಹೋದವರು ಬಂಡೆ ನೋಡಿ, ಅಂಕಲಿ ಮಠದ ಗುಹೆ ಇಳಿದು ಬರುತ್ತಾರೆ. ತಾವು ನಡೆದು ಬಂದ ನೆಲದಡಿಯ ಊರಿನ ಬಗ್ಗೆ ಯಾರೂ ಹೇಳೋದಿಲ್ಲ.

ತಮಟಕಲ್ಲಿನಲ್ಲಿ 5–6ನೇ ಶತಮಾನದ ಹೊತ್ತಿಗೆ ಗುಣಮಧುರ ಎಂಬ ವ್ಯಕ್ತಿಯ ಗುಣಗಾನ ಕನ್ನಡ ಪದ್ಯದಲ್ಲೇ ಕಲ್ಲಿಗೆ ಬಂದಿದೆ. ಅಲ್ಲಿಂದ ಮುಂದೆ ವೀರಗಲ್ಲು, ಮಾಸ್ತಿಗಲ್ಲುಗಳ ಕಾಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರೂರಲ್ಲಿ ಇಂಥ ಕಲ್ಲು ನಿಂತಿವೆ. ಕೆಳಗೆ ಹೋರಾಟ, ನಡುವೆ ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ಈ ಸಾಲಿನಲ್ಲಿ ಇಟ್ಟು ನೋಡಿದರೆ ಕಲ್ಲಿನ ಕೋಣೆ ವೀರಗಲ್ಲಿನ ದೂರದ ಪೂರ್ವಿಕ. ಸತ್ತವರಿಗೆ ಕಲ್ಲು ನಿಲ್ಲಿಸುವ ಅಭ್ಯಾಸ ಉಳಿಯಿತು. ಮನೆತನದ ಜಾಗಕ್ಕೆ ಒಬ್ಬ ವ್ಯಕ್ತಿ ಬಂದ, ಅವನ ಜೊತೆ ಹೆಸರು ಬಂತು.

ಪಟ್ಟಿಗೆ ಸೇರದ ಕಲ್ಲು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ ಕೊಟ್ಟಿದೆ. ಒಂದು ವೀರಗಲ್ಲು ಕಳೆದುಹೋದರೂ ಈ ಊರಿನಲ್ಲಿ ಇಂಥ ಕಲ್ಲಿತ್ತು, ಇಂತಿಷ್ಟು ಸಾಲಿತ್ತು ಅಂತ ನಾವು ಇವತ್ತು ಹೇಳಬಹುದು. ಅಕ್ಷರವಿ‌ಲ್ಲದ ಶಿಲಾವೃತ್ತಕ್ಕೆ ಆ ಪುಸ್ತಕದಲ್ಲಿ ನಂಬರ್ ಇಲ್ಲ. ಅದು ಹೋದರೆ ಇತ್ತು ಅನ್ನೋ ದಾಖಲೆಯೂ ಉಳಿಯೋದಿಲ್ಲ. ಹೊಲ ಹದ ಮಾಡುವಾಗ ಗುಂಡುಕಲ್ಲು ಬದುವಿಗೆ ಹೋಗುತ್ತೆ, ಚಪ್ಪಡಿ ದನದ ಕೊಟ್ಟಿಗೆಗೋ ಮೋರಿಗೋ ಹೋಗುತ್ತೆ, ಉಳಿದದ್ದನ್ನು ನಿಧಿಯ ಆಸೆಗೆ ಅಗೆಯುತ್ತಾರೆ. 33 ಚಿನ್ನದ ಮಣಿಯ ಸುದ್ದಿಯನ್ನು ನಾವು ಉತ್ಸಾಹದಿಂದ ಹೇಳುವಾಗ ಇದನ್ನೂ ಸೇರಿಸಬೇಕು: ಬಹುಪಾಲು ಸಮಾಧಿಗಳಲ್ಲಿ ಇರೋದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಪುಡಿಯಾದ ಮೂಳೆ. ಅಗೆದವರಿಗೆ ಏನೂ ಸಿಗಲ್ಲ, ನಮಗೂ ಏನೂ ಉಳಿಯಲ್ಲ.

ಕಾನೂನು ಇದೆ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ. ಆದರೆ ಅವು ಕಾಯೋದು ಘೋಷಿತ ಜಾಗಗಳನ್ನು. ಪಟ್ಟಿಯಲ್ಲೇ ಇಲ್ಲದ್ದನ್ನು ಘೋಷಿಸೋದು ಹೇಗೆ? ಅದಕ್ಕೆ ಮೊದಲ ಕೆಲಸ ದಾಖಲೆ. ಇದಕ್ಕೆ ಲಿಪಿಜ್ಞಾನ ಬೇಡ, ಉತ್ಖನನದ ಪರವಾನಗಿಯೂ ಬೇಡ.

ಶಾಸನ ನೋಡೋಕೆ ಹೋದಾಗ ಶಿಲಾವೃತ್ತ ಕಂಡರೆ ನಾನು ಬರೆದುಕೊಳ್ಳುವ ವಿವರಗಳು ಇವು. ಮೊಬೈಲ್‌ನ ಜಿಪಿಎಸ್ ನಿರ್ದೇಶಾಂಕ. ವೃತ್ತದ ವ್ಯಾಸ, ಎರಡು ದಿಕ್ಕಿನಲ್ಲಿ ಟೇಪ್ ಹಿಡಿದು. ಉಳಿದಿರುವ ಗುಂಡುಕಲ್ಲುಗಳ ಸಂಖ್ಯೆ, ವೃತ್ತ ಒಂದೋ ಎರಡೋ. ಚಪ್ಪಡಿ ಕಂಡರೆ ಅದರ ಉದ್ದ, ಎತ್ತರ, ದಪ್ಪ. ಕಿಂಡಿ ಇದ್ದರೆ ಅದರ ವ್ಯಾಸ ಮತ್ತು ದಿಕ್ಕು, ದಿಕ್ಸೂಚಿಯಿಂದ. ಅಳತೆಪಟ್ಟಿ ಇಟ್ಟು ಉತ್ತರದ ಬಾಣ ತೋರಿಸಿ ನಾಲ್ಕು ಕಡೆಯಿಂದ ಫೋಟೋ. ಹೊಲದವರು ಅದನ್ನು ಏನಂತ ಕರೀತಾರೆ ಅನ್ನೋ ಹೆಸರು, ಅವರ ಮಾತಿನಲ್ಲೇ. ಮಣ್ಣು ಕೆದಕಬಾರದು, ಚಪ್ಪಡಿಗೆ ಆತಿರುವ ಕಲ್ಲು ತೆಗೆಯಬಾರದು. ಸುತ್ತಲಿನ ತುಂಬು ಮಣ್ಣೇ ನಾಲ್ಕೂ ಚಪ್ಪಡಿಯನ್ನು ಒಂದಕ್ಕೊಂದು ಒತ್ತಿ ಹಿಡಿದಿರೋದು. ಅದು ಹೋದರೆ ಮುಚ್ಚುಗಲ್ಲಿನ ಭಾರಕ್ಕೆ ಚಪ್ಪಡಿಗಳು ಹೊರಕ್ಕೆ ವಾಲುತ್ತವೆ. ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಬೇಕು. ಚೂರು ಮನೆಗೆ ಬಂದರೆ ಅದು ಬರೀ ಚೂರು.

ಬ್ರಹ್ಮಗಿರಿಗೆ ವೀಲರ್ ವರದಿ ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳಲ್ಲಿ, ಕೆರೆ ಅಂಗಳದಲ್ಲಿ, ಗುಡ್ಡದ ಬುಡದಲ್ಲಿ ಇಂಥ ಕಲ್ಲು ಕಂಡವರು ಈ ವಿವರಗಳನ್ನು ಬರೆದಿಡಿ. ವೀರಗಲ್ಲು ಹುಡುಕುತ್ತಾ ಹೇಗೂ ಅಲ್ಲಿಗೆ ಹೋಗ್ತೀರಿ, ಇನ್ನೊಂದು ಹದಿನೈದು ನಿಮಿಷದ ಕೆಲಸ. ಶಾಸನಗಳಿಗೆ ಹಾಕಿದ ಹಾಗೆ ಇವಕ್ಕೂ ತಾಲ್ಲೂಕುವಾರು ನಂಬರ್ ಹಾಕುತ್ತಾ ಹೋಗೋಣ.